ಹುಲ್ಲಿನ ಲೆಕ್ಕ, ಯಾರ ಲೆಕ್ಕ?

'ಪಾಳುಭೂಮಿ' ಅನ್ನೋ ಮಾತನ್ನು ದನ ಕಾಯುವವರ ಬಾಯಲ್ಲಿ ನಾನು ಕೇಳಿಲ್ಲ. ಅದು ಕಚೇರಿಯ ಮಾತು. ದನ ಕಾಯುವವನಿಗೆ ಬೇಣ ಇದೆ, ಹಕ್ಕಲು ಇದೆ, ಹಾಡಿ ಇದೆ, ಕಾನು ಇದೆ. ಒಂದೊಂದರಲ್ಲಿ ಒಂದೊಂದು ಹುಲ್ಲು, ಒಂದೊಂದಕ್ಕೆ ಒಂದೊಂದು ಕಾಲ. ಕಚೇರಿಗೆ ಇರೋದು ಎರಡೇ: ಕಂದಾಯ ಬರುವ ಭೂಮಿ, ಬಾರದ ಭೂಮಿ. ಹಾಗಾದರೆ ಹುಲ್ಲನ್ನು ಎಣಿಸೋದು ಬರೀ ಎಣಿಕೆಯೇ? ಅಥವಾ ಅದರಲ್ಲೂ ನ್ಯಾಯ ಅನ್ಯಾಯ ಇದೆಯೇ?

ನಾನು ಹೇಳ್ತಿರೋ ಬಿಳಗಿ ಬಾಗಲಕೋಟೆ ಜಿಲ್ಲೆಯ ಬೀಳಗಿ ಅಲ್ಲ, ಸಿದ್ದಾಪುರ ತಾಲೂಕಿನದು. ಅಲ್ಲಿನ ರತ್ನತ್ರಯ ಬಸದಿಯ ಶಾಸನ ಓದೋಕೆ ಇತಿಹಾಸದ ವಿದ್ವಾಂಸರು ಬರ್ತಾರೆ. ಬೇಣದ ಹುಲ್ಲು ಓದೋಕೆ ಬರೋರು ಸಸ್ಯಶಾಸ್ತ್ರದವರು. 'ಹುಲ್ಲುಗಾವಲು' ಅಂದರೆ ಶಾಲೆಯ ಮಕ್ಕಳಿಗೆ ಪುಸ್ತಕದ ಆಫ್ರಿಕಾ ಕಾಣುತ್ತೆ. ನಮ್ಮದು ಕಾಡಿನ ಅಂಚಿನಲ್ಲಿ, ಅಡಿಕೆ ತೋಟದ ಮೇಲುಮಗ್ಗುಲಲ್ಲಿ ತುಂಡು ತುಂಡಾಗಿ ಬಿದ್ದಿರುವ ಬೇಣ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1983ರಲ್ಲಿ ಶುರುವಾಯಿತು. ಮಾಧವ ಗಾಡ್ಗೀಳ್ ಮತ್ತು ಅವರ ಜೊತೆಯವರು ಉತ್ತರ ಕನ್ನಡದ ಕಾಡು, ಬೆಟ್ಟಗಳನ್ನು ವರ್ಷಗಟ್ಟಲೆ ಅಳೆದರು. ಆಮೇಲೂ ಅಳೆಯುವವರು ಬರ್ತಾ ಇದ್ದಾರೆ.

ಎರಡು ಮಳೆಗಾಲ ನಾನೂ ಇಂಥ ಕೆಲಸಕ್ಕೆ ದಿನಗೂಲಿಗೆ ಹೋಗಿದ್ದೇನೆ. ಒಂದು ಮೀಟರ್ ಉದ್ದಗಲದ ಚೌಕಟ್ಟನ್ನು ಬೇಣದಲ್ಲಿ ಅಲ್ಲಲ್ಲಿ ಇಡಬೇಕು. ಒಳಗೆ ಬಿದ್ದ ಹುಲ್ಲನ್ನು ಜಾತಿವಾರು ಗುರುತಿಸಿ, ಎಣಿಸಿ, ಬುಡದಲ್ಲಿ ಕೊಯ್ದು, ಒಣಗಿಸಿ ತೂಗಬೇಕು. (ಯಾರಾದರೂ 'ಜಾತಿವಾರು' ಅಂದರೆ ಬೆಚ್ಚುವ ಅಭ್ಯಾಸ ನನಗಿನ್ನೂ ಹೋಗಿಲ್ಲ. 'ಪ್ರಭೇದ' ಅನ್ನಲಿ, ಒಳ್ಳೆಯದು.) ಕರಡದ ನಡುವೆ ನಾಚಿಕೆಮುಳ್ಳು ಸಿಗುತ್ತೆ, ಅಂಚಿಗೆ ಕಮ್ಯುನಿಸ್ಟ್ ಗಿಡ, ರಸ್ತೆ ಬದಿಗೆ ಕಾಂಗ್ರೆಸ್ ಗಿಡ. ಮೂರೂ ಅಮೆರಿಕ ಖಂಡಗಳಿಂದ ಬಂದವು. ಅವಕ್ಕೆ ಪಕ್ಷಗಳ ಹೆಸರಿಟ್ಟ ಜನರ ವ್ಯಂಗ್ಯಕ್ಕೆ ಕೈ ಮುಗಿಯಬೇಕು.

ಈ ಸರಳ ಕೆಲಸದಲ್ಲೇ ಎರಡು ಗುಂಡಿಗಳಿವೆ. ಮಾರ್ಚಿಯಲ್ಲಿ ಬಂದವನಿಗೆ ಕಾಣೋದು ಬೋಳು ನೆಲ, ಕಲ್ಲು, ಬೆಂಕಿಯ ಕಪ್ಪು. 'ಇಲ್ಲಿ ಏನೂ ಇಲ್ಲ' ಅಂತ ಅವನು ಬರೀತಾನೆ. ಕಂಡದ್ದನ್ನೇ ಬರೆದಿದ್ದಾನೆ, ಆದರೂ ಅದು ಸುಳ್ಳು. ಜೂನಿನ ಮಳೆಗೆ ಚಿಗುರಿದ ಹುಲ್ಲು ನವರಾತ್ರಿ ಹೊತ್ತಿಗೆ ತೆನೆಗಟ್ಟಿ ಮೊಣಕಾಲು ಮುಚ್ಚುತ್ತೆ. ಆಗ ಬಂದವನ ಲೆಕ್ಕವೇ ಬೇರೆ.

ಎರಡನೆಯ ಗುಂಡಿ ಇನ್ನೂ ಆಳ. ದನ ತಿಂದ ಹುಲ್ಲು ಚೌಕಟ್ಟಿನಲ್ಲಿಲ್ಲ. ಅದು ಹಾಲಾಗಿದೆ, ಗೊಬ್ಬರವಾಗಿದೆ. ಉಳಿದದ್ದನ್ನಷ್ಟೇ ತೂಗಿ 'ಈ ನೆಲದ ಇಳುವರಿ ಇಷ್ಟೇ' ಅನ್ನೋದು, ಉಂಡ ಎಲೆ ನೋಡಿ ಇಲ್ಲಿ ಅನ್ನ ಬಡಿಸಲೇ ಇಲ್ಲ ಅಂದಂತೆ. ಇದಕ್ಕೆ ಶಾಸ್ತ್ರದಲ್ಲೇ ಉಪಾಯವಿದೆ. ದನದ ಬಾಯಿ ಹೋಗದಂತೆ ಒಂದಿಷ್ಟು ನೆಲಕ್ಕೆ ಪಂಜರ ಹಾಕ್ತಾರೆ. ಒಳಗೆ ಬೆಳೆದದ್ದರಲ್ಲಿ ಹೊರಗೆ ಉಳಿದದ್ದನ್ನು ಕಳೆದರೆ ದನ ತಿಂದದ್ದು ಎಷ್ಟು ಅಂತ ಗೊತ್ತಾಗುತ್ತೆ. ಅತಿಯಾಗಿ ಮೇದರೆ ಬೇಣ ಕೆಡೋದಿಲ್ಲ ಅಂತ ನಾನು ವಾದಿಸೋದಿಲ್ಲ. ಕೆಡುತ್ತೆ. ತಿನ್ನುವ ಹುಲ್ಲು ಹೋಗಿ ಬಾಯಿಗೆ ಬಾರದ ಗಿಡ ಉಳಿಯುತ್ತೆ. ಆದರೆ ಕೆಟ್ಟ ನೆಲ ಯಾವುದು, ಉಣಿಸಿದ ನೆಲ ಯಾವುದು ಅಂತ ತಿಳಿಯೋಕೆ ಪಂಜರ ಬೇಕು, ಮೂರು ಕಾಲವೂ ಬೇಕು. ನನ್ನ ಅವ್ವ ತಲೆಯ ಮೇಲೆ ಹೊತ್ತು ತಂದ ಕರಡದ ಹೊರೆಗಳೂ ಆ ಕಳೆದುಹೋದ ಲೆಕ್ಕದಲ್ಲೇ ಇವೆ.

ಇದು ಬರೀ ತರ್ಕ ಅಲ್ಲ, ನಮ್ಮ ಪಕ್ಕದಲ್ಲೇ ನಡೆದಿದೆ. 1984ರಲ್ಲಿ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿತು. ಸುಮಾರು 30,000 ಹೆಕ್ಟೇರ್ 'ಸಿ' ಮತ್ತು 'ಡಿ' ದರ್ಜೆಯ ಭೂಮಿಯಲ್ಲಿ ನೀಲಗಿರಿ ಬೆಳೆಯೋ ಯೋಜನೆ. ದರ್ಜೆಯ ಅಕ್ಷರ ನೋಡಿ! ಜನ ದನ ಮೇಯಿಸ್ತಿದ್ದ, ಸೌದೆ ಆಯ್ತಿದ್ದ ನೆಲ ಅದು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ಆಯಿತು. ನೀಲಗಿರಿ ಕಿತ್ತು ಜನಕ್ಕೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚೋ ತೀರ್ಮಾನ ಮಾಡಿತು.

ಗೆಳೆಯರೇ, ಹಾಗಂತ 'ನಮ್ಮ ಹಿರಿಯರ ಕಾಲದಲ್ಲಿ ಗೋಮಾಳ ಎಲ್ಲರದ್ದಾಗಿತ್ತು' ಎಂಬ ಹಾಡಿಗೆ ನಾವು ತಾಳ ಹಾಕಬೇಕಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟಿದ್ದರು. ತೋಟ ಇದ್ದವನಿಗೆ ಬೆಟ್ಟ. ತೋಟವೇ ಇಲ್ಲದವನಿಗೆ? ಆ ಬೆಟ್ಟದ ಸೊಪ್ಪು ಕಡಿದು ಹೊರುವ ಕೂಲಿ. ಮಹಾಡದ ಚವದಾರ್ ಕೆರೆಯೂ ಸಾರ್ವಜನಿಕ ಕೆರೆಯೇ ಆಗಿತ್ತು. ಅದರ ನೀರು ಮುಟ್ಟೋಕೆ 1927ರಲ್ಲಿ ಅಂಬೇಡ್ಕರರು ಸಾವಿರಾರು ಜನರನ್ನು ಕರಕೊಂಡು ನಡೆಯಬೇಕಾಯಿತು.

ಇನ್ನು ಹೆಸರಿನ ಮಾತು. ಸಸ್ಯಶಾಸ್ತ್ರದಲ್ಲಿ ಗಿಡಕ್ಕೆ ಲ್ಯಾಟಿನ್ ಹೆಸರಿಟ್ಟವನ ಹೆಸರು ಆ ಹೆಸರಿನ ಬಾಲಕ್ಕೇ ಅಂಟಿಕೊಳ್ಳುತ್ತೆ. ಲಿನ್ನೇಯಸ್ ಇಟ್ಟಿದ್ದರೆ ಅವನ ಮೊದಲಕ್ಷರ. 'ಇದು ಕರಡ, ಇದನ್ನು ಎಮ್ಮೆ ತಿಂತದೆ, ಹಸು ಮೂಸೋದಿಲ್ಲ' ಅಂತ ಬಿಸಿಲಲ್ಲಿ ನಿಂತು ಹೇಳಿಕೊಟ್ಟ ಮುದುಕಿ 'ಸ್ಥಳೀಯ ಮಾಹಿತಿ' ಆಗ್ತಾಳೆ. ನಾನು ಕಂಡ ನಮೂನೆಯ ಹಾಳೆಯಲ್ಲಿ ಹವಾಮಾನಕ್ಕೆ ಜಾಗ ಇತ್ತು, ಇಳಿಜಾರಿಗೆ ಜಾಗ ಇತ್ತು, ಹೇಳಿದವರಿಗೆ ಇರಲಿಲ್ಲ.

ಇದನ್ನು ಸಣ್ಣ ಕೊರಗು ಅನ್ನಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ ದನ ಮೇಯಿಸುವುದನ್ನೂ ಸಮುದಾಯದ ಹಕ್ಕು ಅಂತ ಒಪ್ಪಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು, ಅಂದರೆ ದಲಿತರೂ, 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, 75 ವರ್ಷ, ಆ ಕಾಡಿನ ನೆಲದಲ್ಲೇ ಇದ್ದು ಅದನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಶಾಲೆಯ ಬಾಗಿಲನ್ನೇ ಕಾಣದ ತಲೆಮಾರುಗಳಿಂದ ಕಾಗದ ಎಲ್ಲಿಂದ ತರೋದು? ದನ ಮೇಯಿಸಿದ್ದಕ್ಕೆ ರಸೀದಿ ಕೊಟ್ಟವರಾರು? ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿಯಾಗಿ ಇಡಬಹುದು ಅಂತ ಅದೇ ಕಾಯ್ದೆಯ ನಿಯಮ ಹೇಳುತ್ತೆ. ಹುಲ್ಲು ಎಣಿಸಲು ಹೋದವನ ಚೀಲದಲ್ಲಿ ಅಂಥ ಎಷ್ಟು ಹೇಳಿಕೆ ಸೇರಬಹುದಿತ್ತು! ಯಾವ ಬೇಣ, ಯಾವ ತಿಂಗಳು, ಯಾರ ದನ, ಯಾರ ಅಜ್ಜ ಕಾದಿದ್ದು.

ಹಳ್ಳಿಯ ಮಾಸ್ತರರು ಮನಸ್ಸು ಮಾಡಿದರೆ ಇದಕ್ಕೆ ಸಂಸ್ಥೆ ಬೇಕಿಲ್ಲ, ಪ್ರಾಜೆಕ್ಟ್ ಬೇಕಿಲ್ಲ. ನಾಲ್ಕು ಬಿದಿರು ಸೀಳಿ ಕಟ್ಟಿದರೆ ಚೌಕಟ್ಟು. ಮುಳ್ಳಿನ ಬೇಲಿ ಹಾಕಿದರೆ ಪಂಜರ. ಜೂನಿನಲ್ಲಿ ಒಮ್ಮೆ, ನವರಾತ್ರಿ ಹೊತ್ತಿಗೆ ಒಮ್ಮೆ, ಮಾರ್ಚಿಯಲ್ಲಿ ಒಮ್ಮೆ ಮಕ್ಕಳನ್ನು ಕರಕೊಂಡು ಹೋಗಲಿ. ಪುಸ್ತಕದಲ್ಲಿ ಹುಲ್ಲಿನ ಹೆಸರಿನ ಪಕ್ಕ ಇನ್ನೊಂದು ಗೆರೆ ಎಳೆದು ಮೇಲೆ 'ಹೇಳಿದವರು' ಅಂತ ಬರೆಸಲಿ.