ಶೀಲೋವಿನಲ್ಲಿ ಕೂತ ಏಳು ಕುಲಗಳು



ಯೆಹೋಶುವನ ಪುಸ್ತಕದ 18ನೆಯ ಅಧ್ಯಾಯದ ಮೊದಲ ಹತ್ತು ವಚನಗಳನ್ನು ಮನೆಯಲ್ಲಿ ಒಮ್ಮೆ ಓದಿಕೊಂಡು ಆಮೇಲೆ ಈ ಮಾತುಗಳಿಗೆ ಬರಬೇಕೆಂದು ನಿಮ್ಮನ್ನು ಬೇಡಿಕೊಳ್ಳುತ್ತೇನೆ. ಓದಲಾರದವರಿಗೆ ಓದಬಲ್ಲವರು ಓದಿ ಹೇಳಲಿ.

ಅಲ್ಲಿಯ ಸಂಗತಿ ಏನಂದರೆ, ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿ ಬಹು ದಿನಗಳಾಗಿದ್ದವು. ದೊಡ್ಡ ಯುದ್ಧಗಳು ತೀರಿದ್ದವು. ಜನರೆಲ್ಲರೂ ಶೀಲೋವಿನಲ್ಲಿ ಕೂಡಿ ದೇವದರ್ಶನದ ಗುಡಾರವನ್ನು ನಿಲ್ಲಿಸಿದರು. ದೇಶವು ಅವರ ಮುಂದೆ ಬಿದ್ದಿತ್ತು. ಆದಾಗ್ಯೂ ಏಳು ಕುಲದವರು ತಮ್ಮ ಸ್ವಾಸ್ತ್ಯಕ್ಕೆ ಇನ್ನೂ ಹೋಗಿರಲಿಲ್ಲ. ಮುದುಕನಾದ ಯೆಹೋಶುವನು ಅವರನ್ನು ನೋಡಿ, ದೇವರು ಕೊಟ್ಟಾಗಿರುವ ನೆಲಕ್ಕೆ ಹೋಗಲು ನೀವು ಯಾಕೆ ಇಷ್ಟು ತಡಮಾಡುತ್ತೀರೆಂದು ಗದರಿಸಿದನು.

ಇಲ್ಲಿ ಒಂದನ್ನು ಗಮನಿಸತಕ್ಕದ್ದು. ಈ ಜನರು ವಿಗ್ರಹದ ಮುಂದೆ ಕೂತಿರಲಿಲ್ಲ, ಕುಡಿದು ಮಲಗಿರಲಿಲ್ಲ. ಗುಡಾರದ ನೆರಳಿನಲ್ಲಿಯೇ ಕೂತಿದ್ದರು. ಬಲಿ ನಡೆಯುತ್ತಿತ್ತು, ಹಬ್ಬ ನಡೆಯುತ್ತಿತ್ತು, ನೆರೆಯವರೆಲ್ಲರೂ ಸ್ವಂತ ಜನರು. ಆದಕಾರಣವೇ ಏಳುವ ಮನಸ್ಸಾಗಲಿಲ್ಲವೆಂದು ನಾನು ತಿಳಿಯುತ್ತೇನೆ. ಅಡವಿಯಲ್ಲಿದ್ದಾಗ ಹಸಿವು ಬಾಯಾರಿಕೆಗಳು ಅವರನ್ನು ಮುಂದಕ್ಕೆ ನೂಕಿದವು. ಶೀಲೋವಿನಲ್ಲಿ ನೂಕುವಂಥದ್ದು ಯಾವದೂ ಇರಲಿಲ್ಲ. ಭಕ್ತಿಯಿಲ್ಲದವನ ಸೋಮಾರಿತನವು ಎಲ್ಲರ ಕಣ್ಣಿಗೆ ಬೀಳುವದು. ಭಕ್ತನ ಸೋಮಾರಿತನವು ಅಂಗಿ ತೊಟ್ಟುಕೊಂಡು ಆರಾಧನೆಗೆ ಬರುವದು.

ನಮ್ಮ ಇಂಡಿ ಸೀಮೆಯ ಒಕ್ಕಲಿಗನಿಗೆ ಈ ಮಾತನ್ನು ಹೊಲದಲ್ಲಿ ನಿಲ್ಲಿಸಿ ಹೇಳಬಹುದು. ತಾಂಬಾದ ಕರೀ ಭೂಮಿಯಲ್ಲಿ ಉತ್ತರಿ ಹಸ್ತ ಮಳೆಗಳ ಹದ ನೋಡಿ ಬಿಳಿಜೋಳ ಬಿತ್ತುತ್ತಾರೆ. ಮೊಳಕೆ ಒಂದೇ ಸಮನೆ ಎದ್ದು ಹೊಲವೆಲ್ಲ ಹಸುರಾದಾಗ ನೋಡುವದಕ್ಕೆ ಎಷ್ಟು ಚಂದ! ಆದರೆ ಅಲ್ಲಿಂದ ಮುಂದೆ ಮಳೆ ಬರುವದೆಂದು ಯಾರೂ ನಂಬುವದಿಲ್ಲ. ಬೆಳೆಯು ನೆಲದೊಳಗೆ ಇಂಗಿರುವ ತೇವದಿಂದಲೇ ಬದುಕಬೇಕು. ಚಳಿಯ ಒಣ ಗಾಳಿ ಬೀಸಿದಂತೆ ಎರೆಮಣ್ಣು ಬಾಯಿ ಬಿಡುವದು. ಆ ಬಿರುಕಿನಲ್ಲಿ ತೇವವು ಆರಿಹೋಗುವದು, ಬೇರು ಹರಿಯುವದು. ಆದಕಾರಣ ಜಾಣನಾದ ರೈತನು ಹಸುರು ಕಂಡು ಕಟ್ಟೆಯ ಮೇಲೆ ಕೂತುಕೊಳ್ಳದೆ, ಎಡೆಕುಂಟೆ ಹೊಡೆದು ಮೇಲ್ಮಣ್ಣನ್ನು ಪುಡಿಮಾಡಿ ಬಿರುಕನ್ನು ಮುಚ್ಚುತ್ತಾನೆ. ಅವನು ಮಳೆಯನ್ನು ಹುಟ್ಟಿಸುವದಿಲ್ಲ, ಸುರಿದ ಮಳೆಯನ್ನು ಕಾಯುತ್ತಾನಷ್ಟೇ. ಕೂತವನ ಹೊಲವೂ ಒಂದು ತಿಂಗಳು ಹಸುರಾಗಿಯೇ ಇರುವದು. ತೆನೆ ಹಾಲು ತುಂಬುವ ಕಾಲಕ್ಕೆ ಮಾತ್ರ ಭೇದ ತಿಳಿಯುವದು.

ಉಪದೇಶಿಯು ನಮ್ಮನ್ನು ಕ್ರಿಯೆಗಳಿಂದ ರಕ್ಷಣೆ ಸಂಪಾದಿಸಿರೆನ್ನುತ್ತಾನೋ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಯೆಹೋಶುವನು ಆ ಏಳು ಕುಲಗಳಿಗೆ, ನೆಲವನ್ನು ಗೆದ್ದರೆ ದೇವರು ಕೊಡುವನೆಂದು ಹೇಳಲಿಲ್ಲ. ಕೊಟ್ಟಾಯಿತು, ಆದಕಾರಣ ಏಳಿರಿ ಎಂಬದೇ ಅವನ ಮಾತಿನ ಅರ್ಥ. ಪೌಲನೂ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ, ಕ್ರಿಸ್ತನು ತನ್ನನ್ನು ಹಿಡಿದುಕೊಂಡದ್ದರಿಂದಲೇ ತಾನು ಓಡುತ್ತಿರುವೆನೆಂದು ತಿಳಿಸುತ್ತಾನೆ. ಅವನು ಅದನ್ನು ಬರೆದಾಗ ಸೆರೆಯಲ್ಲಿದ್ದನು.

ನಮ್ಮ ಕನ್ನಡನಾಡಿನಲ್ಲಿ ಇಂಥ ಓಟಗಾರನೊಬ್ಬನನ್ನು ಹೇಳಬೇಕಾದರೆ ಬಾಸೆಲ್ ಮಿಷನಿನ ಫರ್ಡಿನಾಂಡ್ ಕಿಟೆಲರನ್ನು ಹೇಳುತ್ತೇನೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಇವರು 1853ರಲ್ಲಿ ಈ ದೇಶಕ್ಕೆ ಬಂದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದರು. ಕನ್ನಡವನ್ನು ಕಲಿತು ಹಳೆಯ ಗ್ರಂಥಗಳ ಒಳಹೊಕ್ಕರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಅಚ್ಚಿಗೆ ಕೊಟ್ಟರು. 1877ರಲ್ಲಿ ಸ್ವದೇಶಕ್ಕೆ ಹಿಂದಿರುಗಿದಾಗ, ಇಷ್ಟು ಸಾಕು ಎಂದಿದ್ದರೆ ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಹಿಡಿದ ನಿಘಂಟು ಮುಗಿದಿರಲಿಲ್ಲ. ಐವತ್ತು ದಾಟಿದ ಮೇಲೆ, 1883ರಲ್ಲಿ, ಮರಳಿ ಹಡಗು ಹತ್ತಿ ಬಂದರು. ಸುಮಾರು 70,000 ಶಬ್ದಗಳ ಆ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಿತ್ತು. ಆಮೇಲಾದರೂ ಕೈಕಟ್ಟಿ ಕೂತರೋ? ಇಲ್ಲ, ಕನ್ನಡ ವ್ಯಾಕರಣವನ್ನು ಬರೆದರು. ಅದು 1903ರಲ್ಲಿ ಪ್ರಕಟವಾಯಿತು, ಅದೇ ವರುಷ ಅವರು ತೀರಿಕೊಂಡರು. ಎಲ್ಲರೂ ನಿಘಂಟು ಬರೆಯಬೇಕಾಗಿಲ್ಲ. ಒಂದು ಸಭೆಗೆ ಅಂಥವರು ಹತ್ತು ಮಂದಿ ಇದ್ದರೆ ಬಹುಶಃ ಹೊಲಕ್ಕೆ ಹೋಗುವವರು ಸಿಕ್ಕಲಾರರು. ಆದರೆ ತನಗೆ ಒಪ್ಪಿಸಲ್ಪಟ್ಟದ್ದು ಇನ್ನೂ ಉಳಿದದೆ ಎಂಬದನ್ನು ಅವರು ಮರೆಯಲಿಲ್ಲ.

ಇನ್ನು ನನ್ನ ಮಾತು. ಕಾಲೇಬನು ಗೂಢಚಾರನಾಗಿ ಹೋದಾಗ ನಾಲ್ವತ್ತು ವರುಷದವನು. ನನಗೂ ಈಗ ಅಷ್ಟೇ ಆಗಿದೆ. ಅವನು ಎಂಬತ್ತೈದರಲ್ಲಿಯೂ ಬೆಟ್ಟದ ಸೀಮೆಯನ್ನು ಕೇಳಿ ಪಡೆದನು. ನಾನು ನಾಲ್ವತ್ತರಲ್ಲಿ ಒಂದು ಓಣಿಯನ್ನು ದಾಟಲಿಲ್ಲ. ತಾಂಬಾದ ಒಬ್ಬ ವಿಧವೆಯು, ತನ್ನ ದೊಡ್ಡ ಮಗನಿಗೆ ಅಕ್ಷರ ಕಲಿಸಬೇಕು, ಅವನು ಸಾಯಂಕಾಲ ತನಗೆ ಸತ್ಯವೇದ ಓದಿ ಹೇಳಲಿ ಎಂದು ನನ್ನನ್ನು ಕೇಳಿದಳು. ಬಿತ್ತನೆ ಮುಗಿಯಲಿ ಎಂದೆನು. ಆಮೇಲೆ ಕ್ರಿಸ್ಮಸ್ ಹಬ್ಬ ತೀರಲಿ ಎಂದೆನು. ಪ್ರತಿ ಭಾನುವಾರವೂ ಆರಾಧನೆ ನಡಿಸುತ್ತಿದ್ದೆನು, ಪ್ರಸಂಗವನ್ನು ಯಾರೂ ಹಳಿಯಲಿಲ್ಲ. ನನ್ನ ಸೇವೆ ನೆಟ್ಟಗೆ ನಡೆದದೆ ಎಂದೇ ತಿಳಿದೆನು. ಹಬ್ಬ ತೀರಿಸಿ ಹೋದರೆ ಬಾಗಿಲಿಗೆ ಬೀಗ. ತಾಯಿ ಮಗ ಇಬ್ಬರೂ ಕಬ್ಬು ಕಡಿಯುವದಕ್ಕೆ ಮಹಾರಾಷ್ಟ್ರದ ಕಡೆಗೆ ಗುಳೆ ಹೋಗಿದ್ದರು. ಮುಂಗಾರಿಗೆ ಮುಂಚೆ ತಿರಿಗಿ ಬಂದಾಗ ಆಕೆಯ ಕಣ್ಣಿಗೆ ಪರೆ ಬಂದು ನನ್ನ ಗುರುತು ಹತ್ತಲಿಲ್ಲ, ಧ್ವನಿಯಿಂದ ತಿಳಿದುಕೊಂಡಳು. ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಯೆಹೋಶುವನು ಗದರಿಸಿ ಸುಮ್ಮನಾಗಲಿಲ್ಲವೆಂಬದು ನನಗೆ ಆಗ ಓದಿದಾಗಲೇ ಕಾಣಿಸಿತು. ಕುಲಕ್ಕೆ ಮೂವರಂತೆ ಆರಿಸಿ, ಹೋಗಿ ದೇಶವನ್ನು ನಡೆದು ನೋಡಿರಿ, ಊರೂರನ್ನೂ ಪುಸ್ತಕದಲ್ಲಿ ಬರೆದು ಏಳು ಪಾಲು ಮಾಡಿ ತನ್ನಿರಿ ಎಂದನು. ಅವರು ಹಾಗೆಯೇ ಮಾಡಿದರು. ಕಾಲಿನಿಂದ ನಡೆಯುವದು, ಕೈಯಿಂದ ಬರೆಯುವದು. ಮೊದಲ ದಿನಕ್ಕೆ ಅಷ್ಟೇ ಕೆಲಸ. ನಾನೂ ಒಂದು ನೋಟುಬುಕ್ಕಿನಲ್ಲಿ ಓಣಿಗಳನ್ನು ಬರೆದು, ನಾನು ಮಾತು ಕೊಟ್ಟು ಹೋಗದಿದ್ದ ಮನೆಗಳನ್ನು ಗುರುತು ಹಾಕಿದೆನು. ಹದಿನಾಲ್ಕು ಮನೆಗಳಾದವು. ನಿಮ್ಮ ಊರಿನಲ್ಲಿ ಎಷ್ಟಾಗುವವೋ, ಬರೆದು ನೋಡಿರಿ.

ಬುಧವಾರ ಸಾಯಂಕಾಲ ಆ ಮನೆಗೆ ಹೋಗುತ್ತೇನೆ. ಮಗನು ಹಗಲೆಲ್ಲ ದುಡಿದು ಬಂದಿರುವದರಿಂದ ತೂಕಡಿಸುತ್ತಾನೆ. ತಾಯಿಯು ಗೋಡೆಗೆ ಒರಗಿ ಕೂತು, ಅವನು ತಪ್ಪಿದಾಗ ನನಗಿಂತ ಮೊದಲು ಆಕೆಯೇ ತಿದ್ದುತ್ತಾಳೆ. ಕೇಳಿ ಕೇಳಿ ಆಕೆಗೆ ಬಾಯಿಪಾಠವಾಗಿದೆ. ಹೋದ ವಾರ ಳಕಾರದ ವರೆಗೆ ಬಂದೆವು. ಬರುವ ಬುಧವಾರ ಕಾಗುಣಿತ.