ಒಂದೇ ಮೌಸಿನ ನಿಲ್ದಾಣ, ಮೂರು ರೈಲ್ವೆಯ ಪಡೀಲ್

ವ್ಯೋಮನಿಲ್ದಾಣ ಕಟ್ಟಿ ನಡೆಸುವ ಕಂಪ್ಯೂಟರ್ ಆಟಗಳಿಗೆ ಅಂಟಿಕೊಂಡವರ ಬಗ್ಗೆ ಹಿರಿಯರಿಗೆ ಒಂದು ಗುಮಾನಿ ಇದೆ. ಮನೆಯಲ್ಲಿ ಕುಡಿದ ಲೋಟ ತೊಳೆದಿಡದವನು ಅಲ್ಲಿ ನೂರಾರು ಜೀವಗಳಿಗೆ ದೊರೆಯಾಗಿ ಕುಳಿತು ಅಧಿಕಾರದ ಚಪಲ ತೀರಿಸಿಕೊಳ್ಳುತ್ತಾನೆ ಎಂದು. ಪೂರ್ತಿ ಸುಳ್ಳಲ್ಲ. ಆದರೆ ಆಡುವವರ ಪಕ್ಕ ಸ್ವಲ್ಪ ಹೊತ್ತು ಕೂತು ನೋಡಿದರೆ ದೊರೆಯ ಠೀವಿ ಎಲ್ಲೂ ಕಾಣುವುದಿಲ್ಲ. ಕಾಣುವುದು ಗೃಹಪ್ರವೇಶದ ಹಿಂದಿನ ದಿನ ಪೈಪು ಪರೀಕ್ಷಿಸುವವನ ದಿಗಿಲು. ಗಾಳಿ ಸಾಲುತ್ತದೆಯೇ? ಕೊಳಚೆ ಎಲ್ಲಿಗೆ ಹೋಗುತ್ತದೆ? ಕರೆಂಟು ಹೋದರೆ ಮೊದಲು ಯಾವುದು ನಿಲ್ಲುತ್ತದೆ? ಇಷ್ಟೇ ಧ್ಯಾನ. ಹಾಗಾಗಿ ಈ ಆಟಗಳನ್ನು ಅಧಿಕಾರದ ಕನಸು ಎಂದು ತಳ್ಳಿಹಾಕುವುದು ಸೋಮಾರಿ ಟೀಕೆ. ಅವುಗಳಲ್ಲಿ ಒಂದು ದೊಡ್ಡ ಸತ್ಯವಿದೆ, ಒಂದು ದೊಡ್ಡ ಸುಳ್ಳೂ ಇದೆ. ಎರಡನ್ನೂ ತೂಗಿ ನೋಡಲು ಮಂಗಳೂರಿನ ಪಡೀಲ್ ಒಳ್ಳೆಯ ಜಾಗ.

ಮೊದಲು ಸತ್ಯ. ಕೆನಡಾದ ಕ್ಲೇ ಎಂಟರ್‌ಟೈನ್‌ಮೆಂಟ್‌ನವರ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ 2019ರ ಜುಲೈ ಕೊನೆಗೆ ಪೂರ್ಣರೂಪದಲ್ಲಿ ಬಂತು. ಅದರಲ್ಲಿರುವುದು ನಿಲ್ದಾಣವಲ್ಲ, ಕ್ಷುದ್ರಗ್ರಹದ ಹೊಟ್ಟೆಯಲ್ಲಿ ಕೊರೆದ ನೆಲೆ. ಆದರೂ ಕಷ್ಟಗಳು ಅವೇ. ಶುರುವಿಗೆ ಮೂರೇ ಜನ. ಅವರು ಬಿಟ್ಟ ಉಸಿರು ಭಾರವಾಗಿ ಕೆಳಗಿನ ಕೋಣೆಗಳಲ್ಲಿ ತಂಗುತ್ತದೆ. ಕಕ್ಕಸಿನ ಹೊಲಸನ್ನು ಮೂಲೆಗೆ ಸುರಿದರೆ ಅಲ್ಲಿಂದ ಕೆಟ್ಟ ಗಾಳಿ ಏಳುತ್ತದೆ. ಯಂತ್ರಗಳ ಬಿಸಿ ಸದ್ದಿಲ್ಲದೆ ಸೇರಿಕೊಂಡು ಎಷ್ಟೋ ದಿನಗಳ ಮೇಲೆ ಬೆಳೆ ಸಾಯಿಸುತ್ತದೆ. ಆಟ ಬಹಳ ಮುಂದುವರಿಯುವ ತನಕ ‘ಹೊರಗೆ’ ಎಂಬುದೊಂದು ಇಲ್ಲವೇ ಇಲ್ಲ. ಎಸೆದದ್ದೆಲ್ಲ ಇನ್ನೊಂದು ಕೋಣೆಯಲ್ಲಿ ಇದೆ, ಅಷ್ಟೆ.

ಆ ಆಟ ಬಂದ ಮರುತಿಂಗಳು, 2019ರ ಆಗಸ್ಟ್‌ನ ಮಳೆಗೆ, ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ತೋಟಗಳ ಮೇಲೆ ಹರಿಯಿತು. ಅಡಕೆ, ತೆಂಗು ಕಸದಡಿ ಹೋದವು. ಮನೆಮಂದಿ ಜಾಗ ಖಾಲಿ ಮಾಡಬೇಕಾಯಿತು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಊರಿಗೆ ಊರೇ ವರ್ಷಗಟ್ಟಲೆ ಕಸವನ್ನು ‘ಹೊರಗೆ’ ಹಾಕಿದ್ದೇವೆ ಎಂದು ನಂಬಿ ನಿದ್ದೆ ಮಾಡಿತ್ತು. ಆ ಹೊರಗಿಗೆ ಮಂದಾರ ಎಂಬ ಹೆಸರಿತ್ತು, ಅಲ್ಲಿ ಬಾವಿಗಳಿದ್ದವು. ಆಟದ ಎಳೆಯ ಆಟಗಾರನಿಗೆ ಮೊದಲ ವಾರದಲ್ಲೇ ಹೊಳೆಯುವ ಈ ಸಂಗತಿ ನಮ್ಮ ನಗರಗಳಿಗೆ ಹೊಳೆಯಬೇಕಾದರೆ ಗುಡ್ಡವೇ ಜಾರಬೇಕು. ಅಂತರರಾಷ್ಟ್ರೀಯ ವ್ಯೋಮನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಸೇರಿ ನೀರಿನ ಶೇ. 98ರಷ್ಟನ್ನು ಮರಳಿ ಪಡೆಯುವ ಹಂತವನ್ನು ನಾಸಾ 2023ರಲ್ಲಿ ಮುಟ್ಟಿತು. ಅಲ್ಲಿಯವರು ನಮಗಿಂತ ಪುಣ್ಯವಂತರೆಂದಲ್ಲ. ಸುರಿಯಲು ಅವರಿಗೆ ಮಂದಾರ ಇಲ್ಲ.

ಇನ್ನು ಸುಳ್ಳು. 2001ರಲ್ಲಿ ಬ್ರಿಟನ್ನಿನ ಮಕ್ಕಿ ಫುಟ್ ಸಂಸ್ಥೆ ತಂದ ‘ಸ್ಟಾರ್‌ಟೋಪಿಯಾ’ ಈ ಬಗೆಯ ಆಟಗಳ ಪೈಕಿ ನನಗೆ ಇವತ್ತಿಗೂ ಅಚ್ಚುಮೆಚ್ಚು. ಅದರ ಕೊಂಕು ಮಾತಿನ ಯಂತ್ರಸಹಾಯಕನಿಗಾಗಿಯಾದರೂ. ಉಂಗುರದಂಥ ನಿಲ್ದಾಣ, ಅದಕ್ಕೆ ಮೂರು ಅಂತಸ್ತು. ಮೇಲಿನದ್ದು ಹಸಿರು ಅಂತಸ್ತು. ಅಲ್ಲಿ ಮೌಸ್ ಎಳೆದರೆ ನೆಲ ಏರುತ್ತದೆ, ಇಳಿಯುತ್ತದೆ, ನೀರು ತುಂಬಿ ಕೆರೆಯಾಗುತ್ತದೆ. ಬೇಡವೆನಿಸಿದರೆ ಕೆರೆ ಮಾಯ.

ಪಡೀಲಿನಿಂದ ಬಿ.ಸಿ.ರೋಡಿನ ಕಡೆಗೆ ಹೆದ್ದಾರಿ ಹಿಡಿದರೆ ತುಂಬೆ ಸಿಗುತ್ತದೆ. ಅಲ್ಲಿ ನೇತ್ರಾವತಿಗೆ ಕಟ್ಟಿದ ವೆಂಟೆಡ್ ಡ್ಯಾಂನ ನೀರೇ ಮಂಗಳೂರಿನ ನಲ್ಲಿಗಳಿಗೆ ಬರುವುದು. 2019ರ ಮೇಯಲ್ಲಿ ಆ ನೀರೂ ತಳ ಕಂಡು ನಗರದಲ್ಲಿ ರೇಷನಿಂಗ್ ಆಯಿತು. ಹಾಗಿದ್ದರೆ ನೀರಿನ ಮಟ್ಟ ಒಂದು ಮೀಟರ್ ಏರಿಸಿದರಾಯಿತಲ್ಲ? ಸ್ಟಾರ್‌ಟೋಪಿಯಾದಲ್ಲಿ ಅದು ಬೆರಳಿನ ಒಂದು ಅಲುಗಾಟ. ತುಂಬೆಯಲ್ಲಿ ಆ ಒಂದು ಮೀಟರ್ ಹಿನ್ನೀರಾಗಿ ಮೇಲಿನ ಊರುಗಳ ಕೃಷಿ ಜಮೀನಿಗೆ ನುಗ್ಗುತ್ತದೆ; ಆರ್‌ಟಿಸಿ ಹಿಡಿದುಕೊಂಡ ರೈತ ಎದುರು ನಿಲ್ಲುತ್ತಾನೆ. ಸರ್ವೆ ಸರಿಯಾಗಿಲ್ಲ ಎನ್ನುತ್ತಾನೆ, ಪರಿಹಾರ ಕೇಳುತ್ತಾನೆ, ಧರಣಿ ಕೂರುತ್ತಾನೆ.

ಆಟದಲ್ಲೂ ನಿವಾಸಿಗಳು ಅಸಮಾಧಾನ ತೋರಿಸುತ್ತಾರೆ, ನಿಜ. ಆದರೆ ಅದು ಕೆಳಗಿಳಿಯುವ ಒಂದು ಮಾಪಕ. ಸಂತೋಷ ಕಡಿಮೆಯಾಯಿತೇ, ಇನ್ನೊಂದು ಕುಡಿಯುವ ಅಂಗಡಿ ಹಾಕು, ಏರುತ್ತದೆ. 2025ರ ಮೇಯಲ್ಲಿ ಪಡೀಲಿನಲ್ಲಿ ಉದ್ಘಾಟನೆಯಾದ ಜಿಲ್ಲಾಧಿಕಾರಿ ಕಚೇರಿ ಸಂಕೀರ್ಣ ‘ಪ್ರಜಾ ಸೌಧ’ಕ್ಕೆ ಅರ್ಜಿ ಹಿಡಿದು ಹೋಗುವವನು ಮಾಪಕವಲ್ಲ. ಅವನ ಕೈಯಲ್ಲಿ ಕಾರಣಗಳಿರುತ್ತವೆ. ಮಾಪಕ ನನ್ನ ಗುರಿಯನ್ನು ಮುಟ್ಟದೆ ದಾರಿಯನ್ನಷ್ಟೇ ತಿದ್ದುತ್ತದೆ. ಅರ್ಜಿ ಗುರಿಯನ್ನೇ ಪ್ರಶ್ನಿಸಬಲ್ಲದು. ‘ನಗರಕ್ಕೆ ನೀರು ಬೇಕು, ಒಪ್ಪಿದೆ, ಆದರೆ ನಗರದಲ್ಲಿ ಸೋರಿ ಹೋಗುವುದನ್ನು ಮೊದಲು ಯಾಕೆ ನಿಲ್ಲಿಸುವುದಿಲ್ಲ?’ ಎಂದು ಯಾವ ಮಾಪಕವೂ ಕೇಳಿದ್ದಿಲ್ಲ.

ಈ ಸುಳ್ಳಿಗೆ ವಂಶಾವಳಿ ಇದೆ. ಜೇ ಫಾರೆಸ್ಟರ್ ಎಂಬ ಅಮೆರಿಕದ ಎಂಜಿನಿಯರ್ 1969ರಲ್ಲಿ ‘ಅರ್ಬನ್ ಡೈನಮಿಕ್ಸ್’ ಬರೆದು, ನಗರವನ್ನು ಸಮೀಕರಣಗಳಾಗಿ ಕಂಪ್ಯೂಟರಿಗೆ ಹಾಕಿದ. ಬಡವರಿಗೆ ಮನೆ ಕಟ್ಟಿದರೆ ನಗರ ಇನ್ನೂ ಹಾಳಾಗುತ್ತದೆ ಎಂಬ ಉತ್ತರ ಬಂತು. ಉತ್ತರ ಅವನು ಹಾಕಿದ ಊಹೆಗಳಲ್ಲೇ ಇತ್ತು ಎಂದು ವಿಮರ್ಶಕರು ತರಾಟೆಗೆ ತೆಗೆದುಕೊಂಡರು. ಅದೇ ಪುಸ್ತಕ ಓದಿ ಸ್ಫೂರ್ತಿಗೊಂಡ ವಿಲ್ ರೈಟ್ 1989ರಲ್ಲಿ ‘ಸಿಮ್‌ಸಿಟಿ’ ತಂದ. ಅಲ್ಲಿಂದ ಈಚೆಗೆ ಊರಾಗಲಿ, ಕ್ಷುದ್ರಗ್ರಹವಾಗಲಿ, ನಿಲ್ದಾಣವಾಗಲಿ, ಈ ಬಗೆಯ ಆಟದ ಒಡೆತನ ಬಹುಮಟ್ಟಿಗೆ ಒಂದೇ ಮೌಸಿನದು.

ಪಡೀಲಿಗೆ ಬನ್ನಿ. ಹಾಸನದ ಕಡೆ ಹೋಗುವ ಹಳಿ ನೈಋತ್ಯ ರೈಲ್ವೆಯ ಮೈಸೂರು ವಿಭಾಗದ್ದು. ಪಕ್ಕದಲ್ಲೇ ಇರುವ ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು. ಉತ್ತರಕ್ಕೆ ತೋಕೂರು ದಾಟಿದರೆ ಕೊಂಕಣ ರೈಲ್ವೆ. ರೈಲ್ವೆ ಅಂಡರ್‌ಪಾಸಿನಲ್ಲಿ ಜೋರು ಮಳೆಗೆ ನೀರು ನಿಂತರೆ ಮೇಲಿನ ಹಳಿ ಒಬ್ಬರದು, ಕೆಳಗಿನ ರಸ್ತೆ ಮತ್ತೊಬ್ಬರದು, ಚರಂಡಿ ಮಗದೊಬ್ಬರದು. ಬೈಕಿನಲ್ಲಿ ಮೊಣಕಾಲವರೆಗೆ ನೆನೆದವನಿಗೆ ಮಾತ್ರ ಅದು ಒಂದೇ ನೀರು.

ಇದನ್ನು ನೋಡಿದ ಆಟಗಾರ ನಿಟ್ಟುಸಿರು ಬಿಡುತ್ತಾನೆ: ನಿಲ್ದಾಣವೇ ವಾಸಿ, ಅಲ್ಲಿ ಇಂಥ ತಾಪತ್ರಯ ಇಲ್ಲ. ತಪ್ಪು. ಆಕಾಶದಲ್ಲಿರುವ ನಿಜವಾದ ನಿಲ್ದಾಣ ಪಡೀಲ್ ಜಂಕ್ಷನ್ನಿನ ಸೋದರ. 1998ರ ಜನವರಿಯಲ್ಲಿ 15 ದೇಶಗಳು ಸಹಿ ಹಾಕಿದ ಒಪ್ಪಂದದ ಮೇಲೆ ಅದು ನಿಂತಿದೆ. ಯಾರು ಕೊಟ್ಟ ಭಾಗವೋ ಅಲ್ಲಿ ಅವರ ಅಧಿಕಾರ. ರಷ್ಯಾದ ಜ್ವೆಜ್ದಾ ವಿಭಾಗದ ಸಣ್ಣದೊಂದು ಸುರಂಗದಲ್ಲಿ ಗಾಳಿ ಸೋರುವುದು 2019ರಲ್ಲಿ ಪತ್ತೆಯಾಯಿತು. ಕಾರಣ ಯಾವುದು, ಅಪಾಯ ಎಷ್ಟು ಎಂಬುದರಲ್ಲಿ ನಾಸಾ ಮತ್ತು ರೋಸ್ಕೋಸ್ಮೋಸ್ ವರ್ಷಗಟ್ಟಲೆ ಒಮ್ಮತಕ್ಕೆ ಬರಲಿಲ್ಲ. ಅಷ್ಟರವರೆಗೆ ಮಾಡಿಕೊಂಡ ಏರ್ಪಾಡು ಎಂದರೆ, ಕೆಲಸವಿಲ್ಲದಾಗ ಆ ಬಾಗಿಲು ಮುಚ್ಚಿಡುವುದು. 2025ರಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರು, ಮೆಂತ್ಯ ಬೀಜಗಳೂ ಮೊಳಕೆಯ ಪ್ರಯೋಗಕ್ಕೆ ಹೋಗಿದ್ದವು. ಅವು ಮೊಳೆತದ್ದೂ ಇಂಥ ಹೊಂದಾಣಿಕೆಗಳು ಕಾಪಾಡಿಕೊಂಡ ಗಾಳಿಯಲ್ಲೇ.

ಅಂದರೆ ಈ ಆಟಗಳು ಗಾಳಿ, ನೀರು, ಬಿಸಿಯ ಲೆಕ್ಕದಲ್ಲಿ ನಂಬಿಕಸ್ಥವಾಗಿವೆ. ಒಡೆತನದ ಲೆಕ್ಕದಲ್ಲಿ ಮೋಸ ಮಾಡುತ್ತವೆ. ಆದ್ದರಿಂದಲೇ, ಇವುಗಳಿಂದ ಒಳ್ಳೆಯ ಆಡಳಿತಗಾರರು ತಯಾರಾಗುತ್ತಾರೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ತಯಾರಾದರೆ ಒಳ್ಳೆಯ ಒಕ್ಕಲು ತಯಾರಾಗಬಹುದು: ತನ್ನ ಹೊಲಸು ಯಾರ ಕೋಣೆಯಲ್ಲಿದೆ ಎಂದು ವಿಚಾರಿಸುವವನು.

ಆಟ ಆಟವೇ, ಅದಕ್ಕೆ ಅರ್ಜಿ-ತಕರಾರು ತುರುಕಿದರೆ ಯಾರು ಆಡುತ್ತಾರೆ ಎಂದು ಕೇಳಬಹುದು. ತಕರಾರು ನೀರಸ ಎಂದು ಹೇಳಿದವರಾರು? ಇದೇ ಕರಾವಳಿಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಎದುರುಬದುರು ಕೂತು ವಾದಿಸುವ ತಾಳಮದ್ದಳೆಯನ್ನು ಜನ ರಾತ್ರಿಯಿಡೀ ಕೇಳಿದ್ದಾರೆ. ಕರ್ಣ ಸಾಯುತ್ತಾನೆಂದು ಎಲ್ಲರಿಗೂ ಗೊತ್ತು. ಆದರೂ ಅವನ ಪಕ್ಷ ಚೆನ್ನಾಗಿ ಮಂಡನೆಯಾದ ರಾತ್ರಿ ಅರ್ಜುನನ ಗೆಲುವು ಮೊದಲಿನಷ್ಟು ಸಲೀಸಾಗಿ ಗಂಟಲಿಗಿಳಿಯುವುದಿಲ್ಲ. ತುಂಬೆಯಲ್ಲೂ ಕೊನೆಗೆ ನೀರು ಏರಲೇಬೇಕಾಗಿ ಬರಬಹುದು. ಎದುರಿನವರ ಅರ್ಥಗಾರಿಕೆ ಕೇಳಿಯೇ ಏರಿಸಬೇಕಾದ ಒಂದು ಆಟವನ್ನು ನಮ್ಮ ಕಡೆಯ ಹುಡುಗರು ಯಾರಾದರೂ ಬರೆದರೆ, ಆ ಸೋರುವ ಸುರಂಗದ ಪ್ರಸಂಗವನ್ನು ನಾನು ಮೊದಲು ಆಡುತ್ತೇನೆ. ರಷ್ಯನ್ನರ ಪಕ್ಷದಿಂದ.