ಮಾದರಿ ಪುಸ್ತಕ ಎಂಬುದು ಇದೆಯೇ?

ಗ್ರಂಥಾಲಯದ ಸೂಚಿಯಲ್ಲಿ ಪುಸ್ತಕದ ಎತ್ತರವನ್ನು ಸೆಂಟಿಮೀಟರಿನಲ್ಲಿ ಬರೆಯುವುದು ರೂಢಿ. ಭಿನ್ನಾಂಕ ಬಂದರೆ ಮುಂದಿನ ಪೂರ್ಣಾಂಕಕ್ಕೆ ಏರಿಸುತ್ತಾರೆ. ಈ ಅಂಕಿಗಳನ್ನು ಕೂಡಿಸಿ ಕನ್ನಡ ಪುಸ್ತಕದ ಸಹಜ ಗಾತ್ರ ಯಾವುದೆಂದು ಹುಡುಕಹೊರಟರೆ ಬಹು ಹಳೆಯ ಪ್ರಶ್ನೆಯೊಂದು ಎದುರಾಗುತ್ತದೆ: ಬಿಡಿ ವಸ್ತುಗಳಾಚೆಗೆ ಜಾತಿ, ಅಂದರೆ ಅವೆಲ್ಲಕ್ಕೂ ಸಾಮಾನ್ಯವಾದ ಮಾದರಿ, ಎಂಬುದು ನಿಜವಾಗಿ ಇದೆಯೇ? ಇದೆ, ಅದು ನಿತ್ಯ ಎಂದರು ನ್ಯಾಯ-ವೈಶೇಷಿಕರು. ಅದು ಬುದ್ಧಿಯ ಕಲ್ಪನೆ ಎಂದರು ಬೌದ್ಧ ತಾರ್ಕಿಕರಾದ ದಿಙ್ನಾಗ, ಧರ್ಮಕೀರ್ತಿ. ಸರಾಸರಿಯ ಮಟ್ಟಿಗೆ ಬೌದ್ಧರ ಮಾತೇ ಸರಿ. ಕ್ರೌನ್ ಹಾಳೆಯ 1/8 ಗಾತ್ರದ ಪುಸ್ತಕದ ಎತ್ತರ ಸುಮಾರು 19 ಸೆಂ.ಮೀ., ಡೆಮಿ ಹಾಳೆಯ 1/8 ಗಾತ್ರದ್ದು ಸುಮಾರು 22. ಯಾವುದೋ ಊರಿನ ಗ್ರಂಥಾಲಯದ ಕಪಾಟಿನಲ್ಲಿ ಎರಡೂ ಸಮಸಮ ಇದ್ದರೆ ಸರಾಸರಿ 20.5 ಬರುತ್ತದೆ, ಆ ಎತ್ತರದ ಪುಸ್ತಕ ಅಲ್ಲಿ ಒಂದೂ ಇರಬೇಕಿಲ್ಲ.

ಹಾಗಾದರೆ ಪುಸ್ತಕಗಳ ಎತ್ತರ 22ರ ಸುತ್ತ ದಟ್ಟವಾಗಿ ಸೇರುವುದೂ ಕಲ್ಪನೆಯೇ? ಅಲ್ಲ. ಡೆಮಿ ಹಾಳೆ 17.5 × 22.5 ಇಂಚು. ಮೂರು ಸಲ ಮಡಿಸಿದರೆ ಎಂಟು ಎಲೆ. ಅಂಚು ಕತ್ತರಿಸಿದರೆ ಆ ಎತ್ತರ ತಾನಾಗಿ ಒದಗುತ್ತದೆ. ನಾವು ಅಂಕಿಗಳನ್ನು ಗುಂಪು ಮಾಡುವ ಮೊದಲೇ ಕಾಗದವೂ ಅಚ್ಚಿನ ಯಂತ್ರವೂ ಪುಸ್ತಕಗಳನ್ನು ಗುಂಪು ಮಾಡಿರುತ್ತವೆ. ಓಲೆಗರಿಯ ಕಾಲದಲ್ಲಿ ಈ ಕೆಲಸ ತಾಳೆಮರದ್ದಾಗಿತ್ತು: ಗರಿಯ ಅಗಲವನ್ನು ಮೀರಿ ಲಿಪಿಕಾರ ಹೋಗುವಂತಿರಲಿಲ್ಲ. ಹಾಳೆಯ ಅಳತೆಯೂ ಮನುಷ್ಯರ ಒಪ್ಪಂದವೇ ಅಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಒಪ್ಪಂದದಿಂದ ಹುಟ್ಟಿತೆಂಬ ಮಾತ್ರಕ್ಕೆ ಕಾರಣ ಸುಳ್ಳಾಗುವುದಿಲ್ಲ. ಮುದ್ರಕ ಆ ಅಳತೆಗೆ ಬದ್ಧ. ಮಾದರಿ ಗಾತ್ರ ನಿಜವೇ ಹೌದು, ನೈಯಾಯಿಕರು ಬಯಸಿದಂತೆ ನಿತ್ಯವಲ್ಲ, ಅಷ್ಟೆ. ಹಾಳೆ ಬದಲಾದ ದಿನ ಅದೂ ಬದಲಾಗುತ್ತದೆ.